ಕಾವೇರಿ ಒಪ್ಪಿದ ಆಪರೇಷನ್

ಆದೋನಿ, 1957

ಅಕ್ಕ,

ನಿನ್ನ ಮಗಳು ಕಾವೇರಿ ಆಪರೇಷನ್ನಿಗೆ ಒಪ್ಪಿದ್ದಾಳೆ. ಅವಳ ಗಂಡ ಗುಂಡಾಚಾರ್ರು ಬೆಳಿಗ್ಗೆ ಬಂದು ಹೇಳಿಹೋದರು. ನಿನ್ನನ್ನು ಕೊಂಡೊಯ್ದ ದೊಡ್ಡ ಕರುಳಿನ ಹುಣ್ಣೇ ಅವಳಿಗೂ. ನಿನ್ನ ಕಾಲದಲ್ಲಿ ಮಲ ಹೋಗಲು ಹೊಟ್ಟೆಯಲ್ಲಿ ದಾರಿ ಮಾಡಿ, ಕೆಟ್ಟ ಕರುಳನ್ನು ಒಳಗೇ ಬಿಡುತ್ತಿದ್ದರು. ಈಗ ಅದನ್ನು ತೆಗೆದೇ ಹಾಕುತ್ತಾರೆ. ಹೊಟ್ಟೆಯ ದಾರಿ, ಅದಕ್ಕೆ ಕಟ್ಟುವ ಚೀಲ ಈಗಲೂ ಜೀವನಪೂರ್ತಿ ಇರುತ್ತವೆ. ಆದರೆ ಕರುಳಿನ ತುದಿಯನ್ನು ಹೊರಕ್ಕೆ ಮಡಚಿ ಹೊಲಿಯುವುದರಿಂದ ಸುತ್ತಲಿನ ಚರ್ಮ ಸುಡುವುದಿಲ್ಲವಂತೆ.

ಅವಳ ಅತ್ತೆ ಕೇಳಿದರಂತೆ: "ಹೊಟ್ಟಿಗೆ ಚೀಲ ಕಟ್ಟಿಕೊಂಡಾಕಿ ಮಡಿ ಹೆಂಗ ಉಡ್ತಿ? ದೇವರ ಅಡಿಗಿ ಯಾರು ಮಾಡಬೇಕು?"

"ನಾ ಸತ್ತರೂ ನೀವ ಮಾಡಬೇಕಲ್ರಿ ಅತ್ತಿ. ಬದುಕಿದ್ರ ಹಿತ್ತಲಾಗ ಕೂತು ನಿಮ್ಮ ಕೂಡ ಜಗಳನಾದ್ರೂ ಆಡ್ತೀನಿ."

ಅತ್ತೆಗೆ ನಗು ತಡೆಯಲಾಗಲಿಲ್ಲವಂತೆ.

ಅಂದು ಇದೇ ಪ್ರಶ್ನೆಯನ್ನು ನಮ್ಮಪ್ಪ ನಿನಗೆ ಕೇಳಿದಾಗ, ನೀನು ನನ್ನ ಕಡೆ ನೋಡಿದ್ದೆ. ನಿನ್ನ ಆಪರೇಷನ್ ಆಗಲೇ ಇಲ್ಲ.

ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆಯ ಗಾಡಿಯ ವೇಳೆ ಗೊತ್ತಿದ್ದೂ ಎರಡು ಸಲ ಸ್ಟೇಷನ್ನಿಗೆ ಹೋಗಿ ಕೇಳಿಬಂದೆ. ಇವತ್ತಿನ ಪೇಪರು ಇನ್ನೂ ಮಡಚಿಟ್ಟಂತೆಯೇ ಇದೆ.

ನಾಳೆ ಮದರಾಸು ಗಾಡಿಗೆ ಹೊರಡುತ್ತೇವೆ. ರಕ್ತ ಕೊಡಲು ನಾನೂ ಹೋಗುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಆಪರೇಷನ್.