ಟವೆಲ್ಲಿನ ಕೆಳಗೆ ಸಿಟ್ಟಿನ ವ್ಯಾಪಾರ

ಮುಡಬಿ
೧೧-೨-೨೦೨೫

ತಂಗಿ ಶೀತಲಳಿಗೆ ನಿನ್ನ ಅಣ್ಣ ಮಹಾರುದ್ರಪ್ಪನ ಆಶೀರ್ವಾದಗಳು.

ಇಡೀ ಬೀದರ ಜಿಲ್ಲೆಯಲ್ಲಿ ಹುಟ್ಟಿದಾಗಿನಿಂದ ಒಮ್ಮೆಯೂ ಸಿಟ್ಟಿಗೇಳದ ಗಂಡಸು ನಾನೊಬ್ಬನೇ. ಅಂಥವನ ಕೈಗೆ ಮಗನನ್ನು ಒಪ್ಪಿಸಿದ್ದೀ, ಚಿಂತೆ ಬೇಡ. ಕಾಗದ ಹದಿನೈದು ದಿನ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಮೊದಲ ಮಾತಿಗೇ ನೀನು ಅಳುತ್ತೀ, ಎರಡನೆಯ ಮಾತು ನನಗೆ ಸಿಗುವುದಿಲ್ಲ. ಹುಮನಾಬಾದಿನಲ್ಲಿ ನರ್ಸ್ ತರಬೇತಿ ಹೇಗೆ ನಡೆದಿದೆ? ಹೊತ್ತಿಗೆ ಉಣ್ಣುತ್ತೀಯೋ ಇಲ್ಲವೋ?

ಇನ್ನು ನಿನ್ನ ಅಜೀತನ ಸಂಗತಿ. ಮೂರು ತುಂಬದ ಪೋರ ಮೂರೂರಿನ ಸಿಟ್ಟು ಹೊತ್ತು ಬಂದಿದ್ದಾನೆ. ರೊಟ್ಟಿ ಮುರಿದು ಕೊಟ್ಟರೆ ಇಡಿಯದು ಬೇಕು. ಇಡಿಯದು ಕೊಟ್ಟರೆ ಯಾಕೆ ಮುರಿಯಲಿಲ್ಲವೆಂದು ನೆಲಕ್ಕೆ ಬಿದ್ದು ಹೊರಳುತ್ತಾನೆ. ಅಂಗನವಾಡಿಯಲ್ಲಿ ಇಬ್ಬರನ್ನು ಕಚ್ಚಿದ. ಅಲ್ಲಿನ ಕರೀಮಾ ಟೀಚರ್ ನನ್ನನ್ನು ಕರೆಸಿ, ಹೊಡೆಯಬೇಡಿ, ಸುಳ್ಳುಸುಳ್ಳೇ ಆಟ ಹೂಡಿ ಆಡಿಸಿ, ಆಟದಲ್ಲಿ ಸಿಟ್ಟು ಇಳಿಸಲು ಕಲಿತವನು ಖರೇ ಸಿಟ್ಟನ್ನೂ ಇಳಿಸುತ್ತಾನೆ ಎಂದರು. ಗೊಂಬೆಗೆ ಊಟ ಮಾಡಿಸಿದೆವು. ಗೊಂಬೆಯ ತಲೆ ಹೋಯಿತು. ಡಾಕ್ಟರ್ ಆಟ ಆಡಿದೆವು. ನನ್ನ ಕಿವಿ ಇನ್ನೂ ನೋಯುತ್ತದೆ. ಏಳನೇ ಇಯತ್ತೆ ಕಲಿತವನಿಗೆ ಇದೆಂಥ ಪರೀಕ್ಷೆ ಹೇಳು.

ಕೊನೆಗೆ ನನ್ನ ದಲಾಲಿ ವಿದ್ಯೆಯನ್ನೇ ಹೊರತೆಗೆದೆ. ದನದ ಸಂತೆಯಲ್ಲಿ ನಾವು ದರವನ್ನು ಬಾಯಿಂದ ಹೇಳುವುದಿಲ್ಲವಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ನಮ್ಮ ಆಟದಲ್ಲಿ ಅಜೀತ ಸಾವುಕಾರ, ಅವನ ಸಿಟ್ಟೇ ಮಾರಾಟದ ಹೋರಿ. ಎಷ್ಟು ಸಿಟ್ಟು ಬಂದಿದೆಯೋ ನನ್ನ ಅಷ್ಟು ಬೆರಳು ಹಿಡಿಯಬೇಕು. ಐದೂ ಹಿಡಿಯುತ್ತಿದ್ದ. "ಭಾಳ ತುಟ್ಟಿ ಆಯ್ತ್ರಿ ಸಾವ್ಕಾರ, ಒಂದ್ ಬೆರಳ ಇಳಸ್ರಿ" ಎಂದು ನನ್ನ ಚೌಕಾಶಿ. ಉಸಿರು ಬಿಟ್ಟು, ಯೋಚಿಸಿ, ನಾಲ್ಕಕ್ಕೆ, ಮೂರಕ್ಕೆ ಇಳಿಯುತ್ತಿದ್ದ. ಒಂದಕ್ಕೆ ಬರುವಷ್ಟರಲ್ಲಿ ಅವನಿಗೇ ನಗು. ವಾರದೊಳಗೆ ಕಚ್ಚುವುದು ನಿಂತಿತು.

ಆ ಹಮ್ಮಿನಲ್ಲಿ ಅವನನ್ನು ಕಲ್ಯಾಣದ ಸಂತೆಗೆ ಒಯ್ದೆ. ನಮ್ಮ ಜೋಡಿ ಎತ್ತಿಗೆ ಧನರಾಜ ಎಂಬ ಗಿರಾಕಿ ಬಂದಿದ್ದ. ವ್ಯಾಪಾರ ಕುದುರುವ ಹೊತ್ತಿಗೆ ಅಜೀತ ಟವೆಲ್ ಎಳೆದ, ಬೆರಳು ಎಲ್ಲರಿಗೂ ಕಂಡವು, ದರದ ಗುಟ್ಟು ಬಯಲಾಯಿತೆಂದು ಧನರಾಜ ಎದ್ದು ಹೋದ. ಸ್ವಲ್ಪ ಲುಕ್ಸಾನಾಯಿತು. ಮನೆಯಲ್ಲಿ ಹೆಂಡತಿಗೂ ಹೀಗೆಂದೇ ಹೇಳಿದೆ. ನಿನ್ನ ವೈನಿ ಉಮಾದೇವಿಯದು ಅಂದಿನಿಂದ ಒಂದೇ ಮಾತು: "ಆ ಪೋರನ ಕಾಲ್ಗುಣ ಛಲೋ ಇಲ್ಲ, ಅವರವ್ವನ ಬಲ್ಲಿ ಬಿಟ್ಟು ಬರ್ರಿ." ಭಾನುವಾರ ಕರೆತರುತ್ತೇನೆಂದು ಒಪ್ಪಿಬಿಟ್ಟೆ. ನಿನ್ನ ತರಬೇತಿ ಇನ್ನೂ ನಾಲ್ಕು ತಿಂಗಳಿದೆ, ಮಗು ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ, ಗೊತ್ತು. ನನಗೂ ತಲೆ ಕೆಟ್ಟಿದೆ. ಅವನು ಮತ್ತೆ ಕಚ್ಚುತ್ತಿದ್ದಾನೆ. ಟವೆಲ್ ಹಾಸಿದರೆ ಕೈಯನ್ನು ಬೆನ್ನ ಹಿಂದೆ ಒಯ್ಯುತ್ತಾನೆ.

ನಿನ್ನ ಓದು, ನಿನ್ನ ಹೊಟ್ಟೆ ಎರಡೂ ತಣ್ಣಗಿರಲಿ.

ನಿನ್ನ ಅಣ್ಣ
ಮಹಾರುದ್ರಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಟವೆಲ್ ಎಳೆದವನು ಅಜೀತನಲ್ಲ. ಎತ್ತಿಗೆ ವಯಸ್ಸಾಗಿದೆ, ದಲಾಲನಿಗೂ ಆಗಿದೆ ಎಂದು ಧನರಾಜ ನಕ್ಕ. ನಾನೇ ಟವೆಲ್ ಕಿತ್ತು ಅವನ ಮುಖಕ್ಕೆ ಎಸೆದೆ. ಅಜೀತ ಅದನ್ನು ನೆಲದಿಂದ ಎತ್ತಿ ತಂದ, ನನ್ನ ಕೈಮೇಲೆ ಹೊದಿಸಿದ, ಒಳಗೆ ತನ್ನ ಕೈ ಹಾಕಿ ಕೇಳಿದ: "ಮಾಮಾ, ಎಷ್ಟ್ ಸಿಟ್ಟ್ ಬಂದದ?"

ನಾನು ಆ ಕೈಗೆ ಹೊಡೆದೆ, ಶೀತಲ್.

ಇದನ್ನು ನಿನ್ನ ವೈನಿಗೆ ಓದಿ ಹೇಳಿಯೇ ಅಂಚೆಗೆ ಹಾಕುತ್ತೇನೆ. ನೀನು ಒಪ್ಪಿದರೆ ಹುಡುಗ ಇಲ್ಲೇ ಇರಲಿ. ಧನರಾಜ ಒಂದು ಲಕ್ಷಕ್ಕೆ ಬಂದಿದ್ದ. ಸಂಜೆ ಬೇರೊಬ್ಬನಿಗೆ ಎಪ್ಪತ್ತೆಂಟಕ್ಕೆ ಕೊಟ್ಟೆ. ನಾನು ಕಳೆದದ್ದು ಇಪ್ಪತ್ತೆರಡು ಸಾವಿರ.