ಕುಂಚದ ಡಬ್ಬಿಯಲ್ಲಿ ಹದಿನಾಲ್ಕು ಮಾತ್ರೆ

ಶಿಕಾರಿಪುರ
೨೦ ಅಕ್ಟೋಬರ್ ೨೦೨೪, ಭಾನುವಾರ

ಯಮುನಕ್ಕನಿಗೆ,

ಮಾಲತೇಶ ಮಾಡುವ ನಮಸ್ಕಾರಗಳು ಎಂದು ಶುರು ಮಾಡಬೇಕು, ಮಾಡುವುದಿಲ್ಲ. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನಬೇಕು, ಅದನ್ನೂ ಅನ್ನುವುದಿಲ್ಲ. ನಾವು ಕ್ಷೇಮವಾಗಿಲ್ಲ ಎನ್ನುವುದು ನಿನಗೆ ಗೊತ್ತು. ಭೂಮಿ ಹುಣ್ಣಿಮೆಯ ದಿನ ಗದ್ದೆಯಿಂದ ಉಣ್ಣದೆ ಎದ್ದು ಬಂದವನು ಮೂರು ದಿನವಾದರೂ ಒಂದು ಮಾತು ಹೇಳಲಿಲ್ಲ ಎಂದು ಭಾವನ ಹತ್ತಿರ ಗೊಣಗಿದೆಯಂತೆ. ತಡವಾಯಿತು, ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನು ಮಾಡಿದರೆ ನೀನು ಅಳುತ್ತೀಯ. ನೀನು ಅತ್ತರೆ ನನ್ನ ಬಾಯಿ ಕಟ್ಟುತ್ತದೆ, ಕೊನೆಗೆ ನಾನೇ ತಪ್ಪಾಯಿತು ಅನ್ನುತ್ತೇನೆ. ನಲವತ್ತು ವರ್ಷದಿಂದ ಇದೇ ನಡೆದಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ನಿನ್ನ ಅಳು ನಡೆಯುವುದಿಲ್ಲ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಶ್ರೀಲತಾ ಇವತ್ತು ಬೆಳಿಗ್ಗೆ ಚಹಾದ ಲೋಟ ಹಿಡಿಯಲಾರದೆ ಕೆಳಗಿಟ್ಟಳು. ಎರಡೂ ಮಣಿಕಟ್ಟು ಊದಿವೆ, ಎಡ ಮಂಡಿ ಸೌತೆಕಾಯಿಯ ಹಾಗಾಗಿದೆ. ಹುಣ್ಣಿಮೆಯ ಮರುದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ರಕ್ತದ ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ವರ್ಷದ ಕೆಲಸ ನೀರಿಗೆ ಹಾಕಿದ್ರಲ್ರೀ" ಎಂದರು. ಬೈದದ್ದು ನನ್ನನ್ನು. ಸುಮ್ಮನೆ ಬೈಸಿಕೊಂಡೆ. ಮತ್ತೆ ಮೊದಲಿನಿಂದ ಶುರು. ಮಾತ್ರೆ ಹಿಡಿಯುವುದಕ್ಕೆ ಎರಡು ತಿಂಗಳು ಬೇಕಂತೆ, ಅಲ್ಲಿಯವರೆಗೆ ನೋವು ತಡೆಯಲು ಬೇರೆ ಮಾತ್ರೆ ಕೊಟ್ಟಿದ್ದಾರೆ.

ಈ ಎರಡು ವರ್ಷ ಹೇಗಿತ್ತು ಎಂದು ನೀನು ಒಮ್ಮೆಯಾದರೂ ಕೇಳಿದೆಯಾ? ಕೀಲುನೋವು, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದೆ. ಇದು ಎಣ್ಣೆಯ ನೋವಲ್ಲ ಅಕ್ಕ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳನ್ನೇ ಹಗೆಯೆಂದು ತಿಳಿದು ಕಡಿಯುತ್ತದೆ, ಜೀವನಪೂರ್ತಿ ಹದ್ದುಬಸ್ತಿನಲ್ಲಿಡಬೇಕು ಎಂದು ಡಾಕ್ಟರು ಹೇಳಿದ್ದನ್ನು ನಿನಗೆ ನಾಲ್ಕು ಸಲ ಹೇಳಿದ್ದೇನೆ. ಮೊದಲನೆಯ ಮಾತ್ರೆ ನಾಟಲಿಲ್ಲ. ಎರಡನೆಯದಕ್ಕೆ ಮೈಯೆಲ್ಲ ಗಂಧೆ ಎದ್ದಿತು. ಮೂರನೆಯದೇ ಈ ವಾರಕ್ಕೊಂದು ಮಾತ್ರೆ. ಅದೂ ಶುರುವಿನಲ್ಲಿ ಲಿವರಿಗೆ ಪೆಟ್ಟು ಕೊಟ್ಟು, ನಿಲ್ಲಿಸಿ, ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ, ಅಂತೂ ಒಗ್ಗಿತು. ಅಷ್ಟು ದಿನ ಅವಳ ಜಡೆ ಹಾಕಿದವನು ನಾನು. "ಮೋಟಾರಿಗೆ ತಂತಿ ಸುತ್ತೋರಿಗೆ ಜಡೆ ಸುತ್ತೋದೇನು ಕಷ್ಟ ಬಿಡ್ರೀ" ಎಂದು ನಗುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೂ ನಾನು ಇಲ್ಲಿ ರವಿಕೆಯ ಗುಂಡಿ ಹಾಕುತ್ತಿದ್ದೆ. ನನಗೆ ಅದರಲ್ಲಿ ನಾಚಿಕೆಯಿರಲಿಲ್ಲ.

ಈ ವರ್ಷ ಜೂನ್ ಕೊನೆಗೆ ಒಂದು ದಿನ ಅವಳೇ ತುರುಬು ಕಟ್ಟಿಕೊಂಡು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ತಿರುಗಿ ಬೆನ್ನು ತೋರಿಸಿದಳು, ಅಷ್ಟೆ. ಕೈಯಲ್ಲಿದ್ದ ತಂತಿ ಬಿಟ್ಟು ನಾನು ಅತ್ತುಬಿಟ್ಟೆ. ಅವತ್ತೇ ಹೇಳಿದಳು, "ಈ ಸಲ ಹುಣ್ಣಿಮೆ ಬುಟ್ಟಿ ಮೇಲಿನ ಚಿತ್ತಾರ ನಾನೇ ಬರಿತೀನಿ. ಹೋದ ವರ್ಷ ಅಕ್ಕನ ಪಕ್ಕದ್ಮನೆ ಗುಡ್ಡಮ್ಮನ ಕೈಲಿ ಬರೆಸಿದ್ರಲ್ಲ, ನಂಗೆ ಹೊಟ್ಟೆ ಉರಿದಿತ್ತು."

ಆಮೇಲೆ ನೀನು ಬಂದೆ. ನಾಗರ ಪಂಚಮಿಗೆ ತವರಿಗೆ ಬಂದ ಹಾಗೆ ತಮ್ಮನ ಮನೆಗೆ ಬಂದೆ, ಉಂಡೆ ತಂದೆ, ಚೆನ್ನಾಗಿತ್ತು. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕು ಎಂದು ನಿನ್ನ ಮಗಳು ದಿವ್ಯಳಿಗೆ ಹೇಳಿದವಳೂ ನೀನೇ. ಅದನ್ನು ತಿನ್ನುವಾಗ ಬಸುರಾಗಬಾರದು ಎಂದು ಅವಳು ಓದಿದ್ದೇ ತಡ, ನಿನಗೆ ಮೈಮೇಲೆ ಬಂತು. ಅಡುಗೆ ಮನೆಯಲ್ಲಿ ಶ್ರೀಲತಾಳನ್ನು ಕೂರಿಸಿಕೊಂಡು ನೀನು ಹೇಳಿದ್ದು ನನಗೆ ನಡುಮನೆಗೆ ಕೇಳಿಸಿತ್ತು. "ಪೈರು ಹೊತ್ತ ಭೂಮ್ತಾಯಿ ಅಂದ್ರೆ ಬಸುರಿ ಕಣೆ. ಅವಳಿಗೆ ಬಯಕೆ ಊಟ ಹೊರಾ ಬುಟ್ಟಿ ಅದು. ಗರ್ಭ ಸುಡಾ ಮಾತ್ರೆ ನುಂಗಿದ ಕೈಲಿ ಅದನ್ನ ಬರಿತಾರಾ? ಬಿಡೇ ಆ ಮಾತ್ರೆನ. ಎಷ್ಟು ದಿನ ಅಂತ ನನ್ನ ತಮ್ಮನ್ನ ಹಿಂಗೇ ಇಡ್ತೀಯ?"

ನಾನು ಆಗಲೇ ಎದ್ದು ಬರಬೇಕಿತ್ತು. ಹಬ್ಬದ ದಿನ ಜಗಳ ಬೇಡ ಎಂದು ಟೀವಿಯ ಸದ್ದು ಹೆಚ್ಚಿಸಿದೆ.

ಒಂದು ಮಾತು ನಿನಗೆ ತಿಳಿದಿರಲಿ. ಮಕ್ಕಳ ವಿಷಯವನ್ನು ಡಾಕ್ಟರು ಮೊದಲ ವರ್ಷವೇ ಕೇಳಿದ್ದರು. "ಬೇಕು ಅಂದ್ರೆ ಈಗ್ಲೇ ಹೇಳಿ, ಅದಕ್ಕೂ ದಾರಿ ಐತಿ. ಮಾತ್ರೆ ಬದಲು ಮಾಡಿ, ಕೆಲವು ತಿಂಗಳು ಬಿಟ್ಟು ನೋಡಬಹುದು" ಎಂದಿದ್ದರು. ಬೇಡ ಸರ್, ನಮಗೆ ಇವಳ ಕೈಕಾಲು ಆದರೆ ಸಾಕು ಎಂದೆ. ಅವಳಿಗೂ ಎಷ್ಟೋ ಸಲ ಹೇಳಿದ್ದೇನೆ, ನನಗೆ ಮಕ್ಕಳ ಹುಚ್ಚಿಲ್ಲ ಎಂದು. ಗಂಡ ಹೆಂಡತಿ ಬೇಡ ಅಂದುಕೊಂಡಿದ್ದನ್ನು ನಡುವೆ ಬಂದು ಬೇಕು ಅನ್ನುವುದಕ್ಕೆ ನೀನು ಯಾರು?

ಸೆಪ್ಟೆಂಬರಿನಲ್ಲಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಕಲಸಿ ಬರೆಯಲು ಕೂತಳು. ಒಂದು ಮಗ್ಗುಲು ಮುಗಿಯಿತು. ಎಂಥ ಗೆರೆ ಅಂತೀಯ! ಗುಡವಿ ಊರಿನ ಅವಳ ಅವ್ವ ಕಲಿಸಿದ ಕೈ ಅದು. ಎರಡನೆಯ ಮಗ್ಗುಲಿಗೆ ಬಂದಾಗ ಬೆರಳು ಬಿಗಿಯತೊಡಗಿತು. ಚಳಿ ಬಿದ್ದಿದೆ ಅದಕ್ಕೆ ಎಂದಳು. ದಸರೆಯ ಹೊತ್ತಿಗೆ ಕುಂಚ ಹಿಡಿಯಲಾಗದೆ ಬುಟ್ಟಿ ಅರ್ಧಕ್ಕೆ ನಿಂತಿತು. ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ತಂತಿ ಸುತ್ತುವ ಕೈ ಗೆರೆ ಎಳೆಯಲಾರದೇ ಎಂದುಕೊಂಡು, ಅವಳು ಮಲಗಿದ್ದಾಗ ನಾನೇ ಮುಗಿಸಲು ಕೂತೆ. ಪುಂಡಿ ನಾರಿನ ಕುಂಚಗಳನ್ನು ಅವಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಾಳೆ. ಡಬ್ಬಿ ತೆಗೆದೆ. ಕುಂಚಗಳ ಕೆಳಗೆ ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಮಾತ್ರೆ. ಹದಿನಾಲ್ಕು.

ಪ್ರತಿ ಭಾನುವಾರ ಊಟವಾದ ಮೇಲೆ ನಾನೇ ಅವಳ ಅಂಗೈಗೆ ಹಾಕಿದ ಮಾತ್ರೆಗಳು ಅಕ್ಕ. ನೀರು ಕೊಟ್ಟು ಅಂಗಡಿಗೆ ಹೊರಡುತ್ತಿದ್ದೆ. ನುಂಗಿದಳೋ ಇಲ್ಲವೋ ಎಂದು ನಿಂತು ನೋಡಿದರೆ ಹೆಂಡತಿಯನ್ನು ನಂಬದ ಹಾಗಾಗುತ್ತದೆ ಎಂದುಕೊಂಡಿದ್ದೆ.

ಅವಳನ್ನು ಎಬ್ಬಿಸಿ ಕೇಳಿದೆ. "ಅಕ್ಕನ ಮಾತಿಗೆ ಬಿಟ್ಟೆಯಾ?" ಎಂದೆ. ಗೋಡೆಯ ಕಡೆ ಮುಖ ತಿರುಗಿಸಿದಳು. ಹೌದು ಅನ್ನಲು ನಾಚಿಕೆ ಎಂದು ತಿಳಿದೆ. ನನಗೆ ಇನ್ನೇನು ಸಾಕ್ಷಿ ಬೇಕು?

ಇಷ್ಟಾದರೂ ಹುಣ್ಣಿಮೆಗೆ ನಿಮ್ಮ ಗದ್ದೆಗೆ ಬಂದೆವು. ಮಂಡಿ ಊದಿಸಿಕೊಂಡೇ ಬರುತ್ತೇನೆ ಎಂದಳು. ಬದುವಿನ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಪೈರಿಗೆ ತಾಳಿ ಕಟ್ಟಿ ಪೂಜೆ ಆಗುವವರೆಗೆ ಸುಮ್ಮನಿದ್ದ ನೀನು, ಬುಟ್ಟಿ ಎತ್ತಿ ಎಲ್ಲರೆದುರು ತಿರುಗಿಸಿದೆ. "ಎಂತದಾ ಇದು? ಯಾವ ಕಾಗೆ ತುಳಿದು ಹೋತು ಈ ಮಗ್ಗಲನ್ನ?" ಎಂದೆ. ಗುಡ್ಡಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನೀನು ಅಷ್ಟಕ್ಕೆ ಬಿಡಲಿಲ್ಲ. "ಬಂಜೆ ಕೈಲಿ ಬರೆಸಿದ್ರೆ ಇನ್ನೆಂತ ಆಗ್ತದೆ" ಎಂದೆ. ಆ ಮಗ್ಗುಲು ಬರೆದದ್ದು ನಿನ್ನ ತಮ್ಮ. ಬಂಜೆ ಯಾರು, ಹೇಳು. ಶ್ರೀಲತಾ ಕುರ್ಚಿಯಿಂದ ತಾನಾಗಿ ಏಳಲು ಹೋಗಿ ಆಗದೆ ಮತ್ತೆ ಕೂತದ್ದನ್ನು ಅಷ್ಟು ಜನ ನೋಡಿದರು. ಎಲೆಯಲ್ಲಿ ಬಡಿಸಿದ ಕಡುಬು ಹಾಗೇ ಬಿಟ್ಟು ಅವಳನ್ನು ಎತ್ತಿಕೊಂಡು ಬಂದೆ. ಜಯಪ್ಪ ಭಾವ ಒಬ್ಬರೇ ರಸ್ತೆಯವರೆಗೆ ಹಿಂದೆ ಬಂದರು.

ಅವ್ವ ಸತ್ತಾಗ ನನಗೆ ಎಂಟು ವರ್ಷ. ಮದುವೆಯಾಗಿ ವರ್ಷ ತುಂಬದ ನೀನು ಗಂಡನ ಮನೆಗೆ ನನ್ನನ್ನು ಕರೆದುಕೊಂಡು ಹೋದೆ, ನಿನ್ನ ಅತ್ತೆಯ ಕೈಲಿ ಬೈಗುಳ ತಿಂದು ನನಗೆ ಅನ್ನ ಹಾಕಿದೆ. ಅದನ್ನು ಮರೆತಿಲ್ಲ. ಆದರೆ ಸಾಕಿದ ಕೈಗೆ ಕುತ್ತಿಗೆ ಹಿಚುಕುವ ಅಧಿಕಾರ ಬರುವುದಿಲ್ಲ. ಇಷ್ಟು ದಿನ ನಾನು ಕಟ್ಟಿದ್ದನ್ನು ನೀನು ಒಂದು ಹಬ್ಬಕ್ಕೆ ಬಂದು ಕೆಡವಿ ಹೋದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಸುಳ್ಳಲ್ಲ.

ಆದ್ದರಿಂದ ಇನ್ನು ಈ ಮನೆಗೆ ಬರಬೇಡ. ದೀಪಾವಳಿಗೂ ಬೇಡ. ಬರುವ ವರ್ಷ ಗದ್ದೆಯಲ್ಲಿ ಚರಗದ ಅನ್ನ ಚೆಲ್ಲಲು ನನ್ನನ್ನು ಕಾಯಬೇಡಿ. ಬುಟ್ಟಿ ಗುಡ್ಡಮ್ಮನ ಕೈಲೇ ಬರೆಸಿಕೊ, ಅವಳಿಗೆ ನಾಲ್ಕು ಮಕ್ಕಳಿದ್ದಾರೆ.

ಭಾವನಿಗೆ ನನ್ನ ನಮಸ್ಕಾರ. ದಿವ್ಯಳಿಗೆ ಆಶೀರ್ವಾದ, ಅವಳ ತಪ್ಪೇನಿಲ್ಲ. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ದೇವರು ಒಳ್ಳೆಯ ಬುದ್ಧಿ ಕೊಡಲಿ.

ಇಂತು,
ಮಾಲತೇಶ

ವಿ. ಸೂ.: ಮೇಲಿನದನ್ನು ಮುಗಿಸಿ ಶ್ರೀಲತಾಳಿಗೆ ಓದಿ ಹೇಳಿದೆ. ಅವಳ ಪರವಾಗಿ ಬರೆದದ್ದು, ಕೇಳಿ ಸಮಾಧಾನವಾಗಲಿ ಎಂದು. ಅವಳು ಕೊನೆಯವರೆಗೆ ಕೇಳಿ, "ಡಬ್ಬಿಲಿ ಎಷ್ಟಿತ್ತು ಅಂದ್ರಿ?" ಎಂದಳು. ಹದಿನಾಲ್ಕು ಎಂದೆ. "ಪಂಚಮಿಯಿಂದ ಡಬ್ಬಿ ಸಿಕ್ಕಿದ ದಿನದ ತನಕ ಎಷ್ಟು ಭಾನುವಾರ ಅಂತ ಎಣಿಸಿ ನೋಡ್ರೀ."

ಕ್ಯಾಲೆಂಡರ್ ಇಳಿಸಿ ಎಣಿಸಿದೆ. ಹತ್ತು.

"ಅಕ್ಕ ಬರೋಕೆ ನಾಲ್ಕು ವಾರ ಮುಂಚೇನೇ ಬಿಟ್ಟಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬ್ಯಾಡ್ರಿ" ಎಂದಳು.

ಮತ್ಯಾಕೆ ಬಿಟ್ಟೆ ಎಂದು ಕೇಳಿದೆ. "ಹೋದ ವರ್ಷ ಹುಣ್ಣಿಮೆ ಪೂಜೆ ಆದ್ಮೇಲೆ ಗದ್ದೇಲಿ ಎಡೆ ಕಡುಬು ಹೂಳಾಕೆ ನೀವೊಬ್ರೇ ಹೋದ್ರಲ್ಲ, ನೀರಿನ ತಂಬಿಗೆ ಮರೆತು ಹೋಗಿದ್ರಿ. ಎದೆಗೆ ಅವುಚಿಕೊಂಡು ಹಿಂದೇನೇ ತಂದೆ. ನೀವು ಮಣ್ಣು ಮುಚ್ಚುತಾ ಭೂಮ್ತಾಯಿ ಹತ್ರ ನಂಗೂ ಒಂದು ಕೂಸು ಕೊಡೇ ತಾಯಿ ಅಂದ್ರಿ. ಎರಡು ಸಲ ಅಂದ್ರಿ. ನಾನು ತಂಬಿಗೆ ಬದುವಿನ ಮೇಲಿಟ್ಟು ವಾಪಸ್ ಬಂದೆ."

ಅಂದಿದ್ದೆ ಅಕ್ಕ. ಮಣ್ಣಿಗಲ್ಲದೆ ಯಾರಿಗೂ ಕೇಳಿಸಿಲ್ಲ ಎಂದುಕೊಂಡಿದ್ದೆ. ಮಕ್ಕಳು ಬೇಕೇ ಎಂದು ಡಾಕ್ಟರು ಅವತ್ತು ಅವಳ ಮುಖ ನೋಡಿ ಕೇಳಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಬೇಡ ಅಂದವನು ನಾನು. ಇಬ್ಬರೂ ಬೇಡ ಅಂದುಕೊಂಡೆವು ಎಂದು ಮೇಲೆ ಬರೆದದ್ದು ಸುಳ್ಳು. ಅವಳನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ಕೇಳಿಸಿಕೊಂಡವಳು ಈ ಜುಲೈವರೆಗೆ ಯಾಕೆ ಮಾತ್ರೆ ನುಂಗಿದೆ ಎಂದು ಕೇಳಿದೆ. "ಆಗ ನಂಗೆ ಲೋಟ ಎತ್ತಾಕೂ ಬರ್ತಿರಲಿಲ್ಲ. ಬೆರಳು ಸರಿ ಆಗ್ಲಿ ಅಂತ ಕಾದೆ. ಕೂಸನ್ನ ಎತ್ಕೋಬೇಕಲ್ರೀ" ಎಂದಳು.

ಮೇಲೆ ಬರೆದದ್ದರಲ್ಲಿ ಒಂದು ಸಾಲನ್ನೂ ಹೊಡೆದು ಹಾಕಿಲ್ಲ. ಬುಟ್ಟಿ ತಿರುಗಿಸಿ ನೀನು ಆಡಿದ ಮಾತಿಗೆ ನನ್ನ ಸಿಟ್ಟು ಹಾಗೇ ಇದೆ. ಆದರೂ ಬಾ ಅಕ್ಕ. ಬಂದು ನನಗೆ ಬೈ. ಅವಳೆದುರಿಗೇ ಬೈ.