ನಿನ್ನ ಭಾವನ ಪಥ್ಯ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು, ಬೈಯಬೇಡ. ಅಂಗಡಿಗೆ ಸಮವಸ್ತ್ರದ ಆರ್ಡರ್ ಬಂದಿದೆ. ದಿನವಿಡೀ ಕಾಲರ್ ಹೊಲಿದು ಮನೆಗೆ ಬಂದರೆ ಪೆನ್ನು ಹಿಡಿಯಲು ಬೆರಳೇ ಬಗ್ಗುವುದಿಲ್ಲ. ಫೋನ್ ಮಾಡೋಣವೆಂದರೆ ನಿನ್ನ ಭಾವ ಪಕ್ಕದಿಂದ ಏಳುವುದಿಲ್ಲ. ಹೇಳಬೇಕಾದದ್ದೋ ಅವರ ವಿಷಯವೇ.

ನವೆಂಬರಿನಲ್ಲಿ ನಾವಿಬ್ಬರೂ ರಕ್ತಪರೀಕ್ಷೆ ಮಾಡಿಸಿದ್ದೆವಲ್ಲ, ನನಗೆ ರಜೆ ಸಿಗದೆ ವರದಿ ತರಲು ಅವರೊಬ್ಬರೇ ಹೋಗಿದ್ದರು. ನನ್ನದೆಲ್ಲ ಸರಿಯಿದೆಯಂತೆ, ಅವರಿಗೆ ಸಕ್ಕರೆ ಗಡಿಯಲ್ಲಿದೆಯಂತೆ. ಮಾತ್ರೆ ಬೇಡ, ಊಟ ಸರಿಮಾಡಿಕೊಂಡರೆ ಸಾಕು ಎಂದು ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು. ನನಗೆ ಜೀವ ಬಾಯಿಗೆ ಬಂತು. ಅಮ್ಮನ ಕಣ್ಣು ಹೋದದ್ದು ಇದರಿಂದಲೇ ಅಲ್ಲವೇ? ಗಡಿಯಾರ ರಿಪೇರಿ ಮಾಡುವವರಿಗೆ ಕಣ್ಣು ಹೋದರೆ ಇನ್ನೇನು ಉಳಿಯಿತು?

ಅಂದಿನಿಂದ ಹಾಳೆಯಲ್ಲಿದ್ದ ಹಾಗೇ ನಡೆಸುತ್ತಿದ್ದೇನೆ. ಅರ್ಧ ತಟ್ಟೆ ತರಕಾರಿ, ಒಂದು ಹಿಡಿ ಕಾಳು, ಅನ್ನ ಕಡಿಮೆ. ಟೀಗೆ ಸಕ್ಕರೆ ಇಲ್ಲ. ನಿಧಾನವಾಗಿ ಅಗಿಯಬೇಕು, ಕತ್ತಲಾಗುವುದರೊಳಗೆ ಊಟ ಮುಗಿಸಬೇಕು, ಆಮೇಲೆ ಬೀದಿಯ ತುದಿವರೆಗೆ ನಡೆಯಬೇಕು. ಎಲ್ಲ ಅಚ್ಚಾಗಿದೆ. ಕೊನೆಯ ಸಾಲು ಮಾತ್ರ ಪೆನ್ನಿನಲ್ಲಿ: ಜೊತೆಯಲ್ಲಿರುವವರೂ ಇದನ್ನೇ, ಇದೇ ಹೊತ್ತಿಗೆ ಉಣ್ಣಬೇಕು. ಡಾಕ್ಟರೇ ಬರೆದರಂತೆ.

ನನ್ನ ಊಟ ನಿನಗೆ ಗೊತ್ತೇ ಇದೆ. ಎಲ್ಲರದಾದ ಮೇಲೆ ಪಾತ್ರೆಯ ತಳ ಕೆರೆದು ನಿಂತೇ ತಿನ್ನುವವಳು ನಾನು; ಅಂಗಡಿಯಲ್ಲಿ ಹಸಿವಾದರೆ ಸಿಹಿ ಟೀ, ಬಿಸ್ಕತ್ತು. ಈಗ ನಾನು ಕೂರುವವರೆಗೆ ಇವರು ತುತ್ತು ಎತ್ತುವುದಿಲ್ಲ. ಆಮೇಲೆ ತಿನ್ನುತ್ತೇನೆಂದರೆ, "ಹಾಗಾದ್ರೆ ನಾನೂ ಆಮೇಲೇ ತಿಂತೀನಿ, ನನ್ನ ಸಕ್ಕರೆ ಏರಿದ್ರೆ ನೀನೇ ಹೊಣೆ" ಅಂತಾರೆ.

ಇಷ್ಟಾದರೂ ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ಪಥ್ಯ ಅವರದು, ಲಂಗದ ಸೊಂಟ ಸಡಿಲವಾದದ್ದು ನನ್ನದು. ಮಧ್ಯಾಹ್ನದ ತಲೆಸುತ್ತು ಹೋದದ್ದೂ ನನಗೆ. ಅವರ ಬೆಲ್ಟು ಮಾತ್ರ ಅದೇ ತೂತಿನಲ್ಲಿದೆ. ಪ್ರತಿ ತಿಂಗಳು ಡಾಕ್ಟರ ಹತ್ತಿರದ ನರ್ಸಮ್ಮ ಇಬ್ಬರ ಬೆರಳೂ ಚುಚ್ಚುತ್ತಾಳೆ. ನನಗೇಕೆ ಅಂದರೆ, ಹೋಲಿಸಿ ನೋಡಲು ಅನ್ನುತ್ತಾಳೆ.

ಹೋದ ವಾರ ಅವರ ಅಂಗಡಿಗೆ ಹೋದರೆ, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲಿ ಜಾಮು ಹಚ್ಚಿದ ಬನ್ನು! ಕಾಯಿಲೆಯವರು ಇಷ್ಟು ನಿಶ್ಚಿಂತೆಯಿಂದ ಸಿಹಿ ತಿನ್ನುವುದನ್ನು ನಾನು ಕಂಡಿಲ್ಲ. ಎರಡು ದಿನ ಮಾತು ಬಿಟ್ಟೆ. ಮೊನ್ನೆ ಪರೀಕ್ಷೆಯಲ್ಲಿ ನರ್ಸಮ್ಮ ನನ್ನ ಭುಜ ತಟ್ಟಿ, "ಚೆನ್ನಾಗಿ ಇಳಿದಿದೆ, ಹೀಗೇ ಮುಂದುವರಿಸಿ" ಅಂದಳು. ಬನ್ನು ತಿಂದರೂ ಇಳಿಯುತ್ತದೆಯೇ? ಇಳಿದರೆ ನನ್ನ ಭುಜ ಏಕೆ ತಟ್ಟಬೇಕು? ಅವರನ್ನು ಕೇಳಿದರೆ, ಅಡುಗೆ ಮಾಡಿದವಳು ನೀನಲ್ವಾ ಅಂದುಬಿಟ್ಟರು.

ನೀನಾದರೂ ಬಿಡಿಸಿ ಹೇಳು. ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನಿನ್ನ ಮನೆ ತಣ್ಣಗಿರಲಿ, ಎಲ್ಲರೂ ಆರೋಗ್ಯವಾಗಿರಿ.

ನಿನ್ನ
ಅಕ್ಕ

ತಾ.ಕ.: ಪುಟ್ಟಿ, ಲಕೋಟೆ ಹುಡುಕಲು ಅವರ ಡ್ರಾಯರ್ ತೆಗೆದೆ. ಹಳೆಯ ಗಡಿಯಾರದ ಪಟ್ಟಿಗಳ ಕೆಳಗೆ ನವೆಂಬರಿನ ವರದಿಗಳಿವೆ. ಅವರದು ಸರಿಯಿದೆ. ಸಕ್ಕರೆಯ ಅಂಕಿಗೆ ಕೆಂಪು ಗೆರೆ ಎಳೆದ ವರದಿಯ ಮೇಲೆ ಇರುವುದು ನನ್ನ ಹೆಸರು, ನನ್ನ ವಯಸ್ಸು. ನೀನೂ ಅಮ್ಮನ ಮಗಳೇ, ನಾಳೆಯೇ ಪರೀಕ್ಷೆ ಮಾಡಿಸು.

ನನ್ನ ಹೆಸರಿನಲ್ಲಿ ಆ ಹಾಳೆ ಬಂದಿದ್ದರೆ ಹೊಲಿಗೆ ಪೆಟ್ಟಿಗೆಯ ತಳದಲ್ಲಿಟ್ಟು ಮರೆಯುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಸಿಟ್ಟು ಬರುತ್ತಿದೆ, ಯಾರ ಮೇಲೆಂದು ತಿಳಿಯುತ್ತಿಲ್ಲ. ಈಗಷ್ಟೇ ಸೌತೆಕಾಯಿ ಹೆಚ್ಚಲು ಕೂತೆ. ನಾಲ್ಕು ತಿಂಗಳು ದಿನಾ ಹೆಚ್ಚಿದ ಕೈ ಇದು. ನನಗಾಗಿ ಎಂದು ಗೊತ್ತಾದ ಮೇಲೆ ಚಾಕು ಮುಂದೆ ಹೋಗುತ್ತಿಲ್ಲ.

ನನಗೆ ಗೊತ್ತಾಗಿದೆ ಎಂದು ಅವರಿಗೆ ಹೇಳಲೋ ಬೇಡವೋ, ನೀನೇ ಬರೆ. ಅಲ್ಲಿಯವರೆಗೆ ಇದು ನಿನ್ನ ಭಾವನ ಪಥ್ಯವೇ.